ಮನೆಗೆ ಬರುವ ಟ್ರೈನರ್, ಬೋರ್ಡಿಂಗ್, ಭಾನುವಾರದ ಕ್ಲಾಸ್: ನಮ್ಮ ಬುಗುರಿಗೆ ಯಾವುದು ಹಿಡಿಸಿತು?

ಬೆಂಗಳೂರಿನಲ್ಲಿ ನಾಯಿಗೆ ಟ್ರೈನಿಂಗ್ ಕೊಡಿಸಲು ಹೊರಟರೆ ಮೂರು ದಾರಿ ಕಾಣುತ್ತವೆ. ಟ್ರೈನರ್ ನಿಮ್ಮ ಮನೆಗೇ ಬರುತ್ತಾರೆ. ಇಲ್ಲವೇ ನಾಯಿಯನ್ನು ಊರಾಚೆ ಬೋರ್ಡಿಂಗ್‌ನಲ್ಲಿ ಕೆಲವು ವಾರ ಬಿಟ್ಟು ಬರಬಹುದು. ಅದೂ ಬೇಡವೆಂದರೆ ವಾರಕ್ಕೊಮ್ಮೆ ನಾಯಿಯ ಜೊತೆ ನೀವೂ ಗುಂಪು ಕ್ಲಾಸಿಗೆ ಹೋಗಬಹುದು. ನಮ್ಮ ಬುಗುರಿಗೆ ಈ ಮೂರೂ ಆಗಿವೆ. ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಕೇಳುವವರು ಜಾಸ್ತಿ ಆಗಿರುವುದರಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಬುಗುರಿ ಇಂಡಿ, ಅಂದರೆ ನಾಟಿ ನಾಯಿ. ಬೀದಿಯಲ್ಲಿ ಹುಟ್ಟಿದವಳು, ದತ್ತು ತಂದೆವು. ನಮ್ಮದು ಜೆ.ಪಿ. ನಗರದಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್. ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮ, ನಾವಿಬ್ಬರು, ಶಾಲೆಗೆ ಹೋಗುವ ಮಗಳು. ಬುಗುರಿ ವಾಕಿಂಗ್‌ನಲ್ಲಿ ಲೀಶ್ ಎಳೆಯುತ್ತಿದ್ದಳು. ಅಮ್ಮನಿಗೆ ಮೊಣಕಾಲು ನೋವು, ಒಂದು ಎಳೆತಕ್ಕೆ ಬಿದ್ದರೆ ಗತಿ ಏನು? ಕಾಲಿಂಗ್ ಬೆಲ್ ಆದರೆ ಬೊಗಳಿ ಬೊಗಳಿ ಬಾಗಿಲಿಗೆ ಓಡುತ್ತಿದ್ದಳು. ಬಂದವರ ಮೈಮೇಲೆ ಹಾರುತ್ತಿದ್ದಳು. ರಸ್ತೆಯಲ್ಲಿ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಮೂರೂ ಟ್ರೈನಿಂಗ್‌ಗಳನ್ನು ನಾನು ನೋಡಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು. ಟ್ರೈನರ್ ಇಲ್ಲದ ಹೊತ್ತಿನಲ್ಲಿ, ಅಮ್ಮನ ಕೈಯಲ್ಲಿ ಲೀಶ್ ಇದ್ದಾಗ, ಇವಳು ಹೇಗಿರುತ್ತಾಳೆ?

ಮೊದಲು ಆದದ್ದು ಬೋರ್ಡಿಂಗ್. ಶಿವಮೊಗ್ಗದಲ್ಲಿ ನೆಂಟರ ಮದುವೆ ಇತ್ತು. ಹೇಗೂ ಎಲ್ಲಾದರೂ ಬಿಡಲೇಬೇಕು, ಟ್ರೈನಿಂಗೂ ಆಗಲಿ ಅಂತ ಕನಕಪುರ ರಸ್ತೆ ಕಡೆಯ ಒಂದು ತೋಟದ ಜಾಗದಲ್ಲಿ ಬಿಟ್ಟೆವು. ದಿನಾ ಸಂಜೆ ವಾಟ್ಸಾಪ್‌ನಲ್ಲಿ ವಿಡಿಯೊ ಬರುತ್ತಿತ್ತು. ಕೂರು ಅಂದರೆ ಕೂರುತ್ತಾಳೆ, ಮಲಗು ಅಂದರೆ ಮಲಗುತ್ತಾಳೆ, ಟ್ರೈನರ್ ಕಾಲಿಗೆ ಅಂಟಿಕೊಂಡು ನಡೆಯುತ್ತಾಳೆ. ನೋಡಿ ಎಲ್ಲರಿಗೂ ಖುಷಿ. ಕರೆತರಲು ಹೋದಾಗಲೂ ಅವರ ಮುಂದೆ ಎಲ್ಲವನ್ನೂ ಮಾಡಿ ತೋರಿಸಿದಳು. ಮನೆಗೆ ಬಂದು ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಮೊದಲಿನ ಹಾಗೇ ಎಳೆದಳು.

ಇದು ಬುಗುರಿಯ ಹಟ ಏನಲ್ಲ. ನಾಯಿ ಒಂದು ಪಾಠವನ್ನು ಕಲಿಯುವಾಗ ಆ ಜಾಗ, ಹೇಳಿದವರ ದನಿ, ಅವರು ನಿಲ್ಲುವ ರೀತಿ, ಸುತ್ತಲಿನ ಸದ್ದು ಎಲ್ಲವನ್ನೂ ಸೇರಿಸಿಯೇ ಕಲಿಯುತ್ತದೆ. ತೆಂಗಿನ ತೋಟದ ಮೌನದಲ್ಲಿ ಕಲಿತ 'ಕೂರು' ಆಟೋ ಹಾರ್ನ್ ನಡುವೆ, ಬೇರೆಯವರ ಬಾಯಲ್ಲಿ ಬಂದಾಗ ಅದಕ್ಕೆ ಹೊಸ ಪಾಠವೇ. ಪ್ರತಿ ಹೊಸ ಜಾಗದಲ್ಲಿ ಸ್ವಲ್ಪ ಸ್ವಲ್ಪ ಮತ್ತೆ ಕಲಿಸಬೇಕು. ಬೋರ್ಡಿಂಗ್‌ನವರು ಈ ವಿಷಯ ನಮಗೆ ಹೇಳಲೇ ಇಲ್ಲ. 'ಟ್ರೈನಿಂಗ್ ಮುಗಿದಿದೆ' ಅಂದರು.

ನನಗೆ ಇನ್ನೂ ಬೇಸರ ಇರುವುದು ಬೇರೆ ವಿಷಯಕ್ಕೆ. ಬೋರ್ಡಿಂಗ್‌ನಿಂದ ಬಂದ ಹೊಸದರಲ್ಲಿ, ನಾನು ಬಟ್ಟೆ ಒಣಹಾಕಲು ಕೈ ಎತ್ತಿದರೂ ಅವಳು ಕಿವಿ ಹಿಂದಕ್ಕೆ ಮಾಡಿ ದಿವಾನದ ಕೆಳಗೆ ಹೋಗುತ್ತಿದ್ದಳು. ಮೊದಲು ಹೀಗಿರಲಿಲ್ಲ. ಅವಳ ಸಾಮಾನಿನ ಚೀಲದಲ್ಲಿ ಎಳೆದರೆ ಬಿಗಿಯುವ ಚೋಕ್ ಚೈನ್ ಇತ್ತು, ನಾವು ಕೊಟ್ಟದ್ದಲ್ಲ. ಮಧ್ಯೆ ಒಮ್ಮೆ ನೋಡಲು ಬರುತ್ತೇವೆ ಅಂದಾಗ 'ನಿಮ್ಮನ್ನು ನೋಡಿದರೆ ಗಮನ ಹಾಳಾಗುತ್ತದೆ' ಅಂತ ಬೇಡ ಅಂದಿದ್ದರು. ಒಳ್ಳೆಯದನ್ನೂ ಹೇಳಬೇಕಲ್ವಾ? ಅಲ್ಲಿಂದ ಬಂದ ಮೇಲೆ ಊಟದ ಹೊತ್ತು, ಹೊರಗೆ ಹೋಗುವ ಹೊತ್ತು ಎರಡೂ ಸರಿಯಾದವು. ರಾತ್ರಿ ಒಬ್ಬಳೇ ಮಲಗಲು ಕಲಿತಳು. ಆದರೆ ಅದಕ್ಕೆ ಕೊಟ್ಟ ದುಡ್ಡು ಮುಂದೆ ಮನೆಗೆ ಬಂದ ಟ್ರೈನರ್‌ಗೆ ಕೊಟ್ಟದ್ದರ ಹೆಚ್ಚುಕಡಿಮೆ ಎರಡರಷ್ಟು.

ಮನೆಗೆ ಟ್ರೈನರ್ ಹುಡುಕುವಾಗ ಒಬ್ಬರು ಟ್ರಯಲ್ ಕ್ಲಾಸಿಗೆ ಬಂದರು. 'ನೀವು ಲೀಡರ್ ಅಂತ ನಾಯಿಗೆ ತೋರಿಸಬೇಕು. ಅದರ ಮುಂದೆ ನೀವು ಮೊದಲು ಉಣ್ಣಬೇಕು, ಬಾಗಿಲಲ್ಲಿ ನೀವೇ ಮೊದಲು ದಾಟಬೇಕು, ಎದುರು ನಿಂತರೆ ನೆಲಕ್ಕೆ ಒತ್ತಿ ಹಿಡಿಯಬೇಕು' ಅಂದರು. ಈ ಮಾತು ಊರಲ್ಲೆಲ್ಲ ಓಡಾಡುತ್ತದೆ. ಇದರ ಬೇರು ತೋಳಗಳ ಮೇಲಿನ ಹಳೆಯ ಅಧ್ಯಯನದಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದದ್ದು ಅದು. ಕಾಡಿನ ತೋಳಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಡೇವಿಡ್ ಮೀಚ್ 1999ರಲ್ಲಿ ಸ್ಪಷ್ಟವಾಗಿ ಹೇಳಿದರು: ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ. ಅಲ್ಲಿ ಪಟ್ಟಕ್ಕಾಗಿ ದಿನವೂ ಹೊಡೆದಾಟ ನಡೆಯುವುದಿಲ್ಲ. ಅಮೆರಿಕದ ಪ್ರಾಣಿ ವರ್ತನೆ ಪಶುವೈದ್ಯರ ಸಂಘವೂ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಬಳಸಿ ಅಂದಿದೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಗಮನಿಸಿದ ಒಂದು ಅಧ್ಯಯನ 2020ರಲ್ಲಿ ಬಂತು. ಎಳೆದು, ಗದರಿಸಿ ಕಲಿಸುವ ಕಡೆ ಹೋದ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಜಾಸ್ತಿ ಇದ್ದವು, ಪಾಠದ ನಂತರ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಕೂಡ ಹೆಚ್ಚು ಏರಿತ್ತು. ದಿವಾನದ ಕೆಳಗೆ ಹೋದ ಬುಗುರಿಯನ್ನು ನೋಡಿದ್ದ ನಮಗೆ ಇದನ್ನು ನಂಬಲು ಕಷ್ಟವಾಗಲಿಲ್ಲ. ಆ ಟ್ರೈನರ್ ಬೇಡ ಅಂದೆವು.

ಆಮೇಲೆ ಬಂದವರು ನಾಯಿಯನ್ನು ಮುಟ್ಟುವ ಮೊದಲು ನಮ್ಮೆಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿದರು. ಊಟ ಹಾಕುವವರು ಯಾರು, ಬಾಗಿಲು ತೆಗೆಯುವವರು ಯಾರು, ಬೊಗಳಿದಾಗ ಯಾರು ಏನು ಮಾಡುತ್ತಾರೆ, ಎಲ್ಲ ಕೇಳಿದರು. ಬುಗುರಿ ಹಾರಿದಾಗ ನಾನು ಬೈಯುತ್ತಿದ್ದೆ, ಮಗಳು ತಬ್ಬಿಕೊಳ್ಳುತ್ತಿದ್ದಳು, ಅಮ್ಮ ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುತ್ತಿದ್ದರು. ನಾಯಿಯಾದರೂ ಏನಂತ ತಿಳಿದುಕೊಳ್ಳಬೇಕು? ನಾಲ್ಕೂ ಜನ ಒಂದೇ ರೀತಿ ಇರಬೇಕು ಅನ್ನುವುದೇ ಅವರ ಮೊದಲ ಪಾಠ.

ಎರಡನೆಯದು ಹೊತ್ತಿನ ಲೆಕ್ಕ. ಸರಿಯಾಗಿ ಮಾಡಿದ ಕೂಡಲೇ, ಒಂದೆರಡು ಸೆಕೆಂಡಿನೊಳಗೆ ಟ್ರೀಟ್ ಸಿಗಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ನಾಯಿಗೆ ಗೊತ್ತಾಗುವುದಿಲ್ಲ. ಟ್ರೀಟ್ ಕಡಲೆಕಾಳಿನಷ್ಟಿದ್ದರೆ ಸಾಕು. ನಮ್ಮ ಮನೆಗೆ ಮಾಂಸ ತರುವುದಿಲ್ಲ, ಅದಕ್ಕೆ ಪನೀರ್ ಚೂರು, ಬೇಯಿಸಿದ ಕ್ಯಾರೆಟ್, ಸೌತೆಕಾಯಿ ಬಳಸಿದೆವು. ಚೆನ್ನಾಗಿ ನಡೆಯಿತು. ಪ್ರತಿ ಪಾಠಕ್ಕೂ ಒಂದು ಕೈಸನ್ನೆ ಕಲಿಸಿದರು. ನಾಯಿಗಳು ಮಾತಿಗಿಂತ ಕೈಸನ್ನೆಯನ್ನು ಬೇಗ ಹಿಡಿಯುತ್ತವೆ. ಅಮ್ಮನಿಗೆ ಇದರಿಂದ ಬಹಳ ಅನುಕೂಲ ಆಯಿತು. ದನಿ ಎತ್ತುವ ಹಾಗೇ ಇಲ್ಲ, ಅಂಗೈ ತೋರಿಸಿದರೆ ಸಾಕು.

ಲೀಶ್ ವಿಷಯಕ್ಕೆ ಎದೆಯ ಮುಂದೆ ಕೊಕ್ಕೆ ಇರುವ ಹಾರ್ನೆಸ್, ಅಂದರೆ ಮೈಗೆ ಹಾಕುವ ಪಟ್ಟಿ, ತರಿಸಿದರು. ಎಳೆದರೆ ನಾಯಿ ಪಕ್ಕಕ್ಕೆ ತಿರುಗುತ್ತದೆ, ಕುತ್ತಿಗೆಗೆ ನೋವಿಲ್ಲ. ಎಳೆದಾಗ ನಾವು ನಿಂತುಬಿಡುವುದು, ಲೀಶ್ ಸಡಿಲವಾದಾಗ ಮತ್ತೆ ನಡೆಯುವುದು. ಮೊದಮೊದಲು ಗೇಟಿನಿಂದ ಮೂಲೆಯ ಹಾಲಿನ ಬೂತಿನವರೆಗೆ ಹೋಗುವುದೇ ದೊಡ್ಡ ಪ್ರಯಾಣ. ಆದರೆ ಇದೆಲ್ಲ ನಡೆದದ್ದು ನಮ್ಮದೇ ರಸ್ತೆಯಲ್ಲಿ, ನಮ್ಮದೇ ಬೀದಿನಾಯಿಗಳ ಎದುರು. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ವಾಕಿಂಗ್ ಹೋದರೆ ಲೀಶ್ ಇಲ್ಲದ ನಾಯಿಗಳು ಎದುರಾಗುತ್ತವೆ, ಬೊಗಳುತ್ತವೆ. ಅವನ್ನು ದೂರದಲ್ಲಿ ಕಂಡಾಗಲೇ ನಮ್ಮ ಮುಖ ನೋಡಲು ಕಲಿಸುವುದು, ನೋಡಿದರೆ ಟ್ರೀಟ್, ಆಮೇಲೆ ರಸ್ತೆಯ ಆಚೆ ಬದಿಗೆ ದಾಟುವುದು. ತೋಟದ ಜಾಗದಲ್ಲಿ ಇದನ್ನು ಕಲಿಸಲು ಸಾಧ್ಯವೇ ಇರಲಿಲ್ಲ.

ಕಾಲಿಂಗ್ ಬೆಲ್‌ಗೆ ತಿಂಗಳು ಹಿಡಿಯಿತು. ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೆಲ್ಲಗೆ ಹಾಕುವುದು, ಅವಳು ತನ್ನ ಚಾಪೆಗೆ ಹೋದರೆ ಟ್ರೀಟ್, ದಿನ ಕಳೆದ ಹಾಗೆ ಸದ್ದು ಏರಿಸುವುದು. ಈಗ ಡೆಲಿವರಿಯವರು ಬಂದರೆ ಒಂದೆರಡು ಸಲ ಬೊಗಳಿ ಚಾಪೆಗೆ ಹೋಗುತ್ತಾಳೆ. ಅಷ್ಟು ಬೊಗಳಿಕೆ ಇರಲಿ ಬಿಡಿ, ನಾಯಿ ಅಲ್ವಾ.

ಇನ್ನು 'ಬಿಡು' ಅನ್ನುವ ಪಾಠ. ಇದೊಂದನ್ನು ಮಾತ್ರ ಯಾರೂ ಬಿಡಬಾರದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಚಾಕೊಲೇಟ್ ಕೂಡ ಅಪಾಯ. ಸತ್ಯನಾರಾಯಣ ಪೂಜೆಯ ಪ್ರಸಾದದಲ್ಲಿ ಒಣದ್ರಾಕ್ಷಿ ಇರುತ್ತದೆ, ಮಕ್ಕಳ ಕೈಯಿಂದ ನೆಲಕ್ಕೆ ಬೀಳುತ್ತದೆ. ಹೊರಗೆ ಕಬಾಬ್ ಅಂಗಡಿ ಮುಂದೆ ಬೆಂದ ಕೋಳಿ ಮೂಳೆ ಬಿದ್ದಿರುತ್ತದೆ, ಅದು ಒಳಗೆ ಸೀಳಿ ಚುಚ್ಚಬಹುದು. ಬಾಯಿಗೆ ಹಾಕುವ ಮೊದಲೇ ನಾಯಿ ನಿಲ್ಲಬೇಕು. ಇದನ್ನು ಮಗಳೇ ಕಲಿಸಿದಳು, ಟ್ರೈನರ್ ಪಕ್ಕದಲ್ಲಿ ನಿಂತು ನೋಡಿದರು ಅಷ್ಟೆ.

ನೆರೆಹೊರೆಯವರ ವಿಷಯದಲ್ಲೂ ಬದಲಾವಣೆ ಕಂಡಿತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ಬೇಡ ಅನ್ನುವಂತಿಲ್ಲ, ಲಿಫ್ಟ್ ಬಳಸಬೇಡಿ ಅಂತಲೂ ಹೇಳುವಂತಿಲ್ಲ. ಆದರೆ ಆ ಕಾಗದ ತೋರಿಸಿದರೆ ಮೂರನೇ ಮಹಡಿಯ ಮಗುವಿನ ಹೆದರಿಕೆ ಹೋಗುತ್ತದೆಯೇ? ಬುಗುರಿ ಲಿಫ್ಟಿನ ಮೂಲೆಯಲ್ಲಿ ಕೂತು, ಇಳಿಯುವವರು ಇಳಿಯುವ ತನಕ ಕಾಯಲು ಕಲಿತ ಮೇಲೆ ಆ ಮಗು ತನ್ನ ಅಮ್ಮನ ಹಿಂದೆ ಅಡಗುವುದನ್ನು ಬಿಟ್ಟಿತು.

ಮನೆಪಾಠದಲ್ಲೂ ಕೊರತೆ ಇದೆ. ಟ್ರೈನರ್ ಹೋದ ಮೇಲೆ ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷವಾದರೂ ನೀವೇ ಮಾಡಿಸಬೇಕು. ಬೆಳಗ್ಗೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಅದು ಕಷ್ಟ. ಇನ್ನೊಂದು, ಮನೆಯೊಳಗೆ ಬೇರೆ ನಾಯಿ ಇರುವುದಿಲ್ಲ. ಪರಿಚಯದ ನಾಯಿಯ ಪಕ್ಕದಲ್ಲಿ ಸುಮ್ನೆ ಕೂರುವುದು ಹೇಗೆ ಅನ್ನುವುದು ಬುಗುರಿಗೆ ಗೊತ್ತಿರಲಿಲ್ಲ.

ಅದಕ್ಕೇ ಗುಂಪು ಕ್ಲಾಸ್. ಎಚ್‌ಎಸ್‌ಆರ್ ಲೇಔಟ್ ಕಡೆ ಭಾನುವಾರ ಬೆಳಗ್ಗೆ. ಮೂರರಲ್ಲಿ ಇದೇ ಕಡಿಮೆ ಖರ್ಚಿನದು. ಆದರೆ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ, ಅಮ್ಮ ಬರಲು ಆಗಲಿಲ್ಲ. ವ್ಯಾಕ್ಸಿನ್ ಕಾರ್ಡ್ ನೋಡದೆ ಒಳಗೆ ಬಿಡುವುದಿಲ್ಲ, ಅದು ಒಳ್ಳೆಯದೇ. ಮೊದಲ ಕ್ಲಾಸಿನಲ್ಲಿ ನಾಯಿಗಳನ್ನು ದೂರ ದೂರ ಕೂರಿಸಿ ಏನೂ ಮಾಡಿಸದೆ ಇರುವುದೇ ಪಾಠ. ಬೇರೆ ನಾಯಿ ಕಂಡರೂ ನೆಮ್ಮದಿಯಾಗಿ ಇರಬಹುದು ಅಂತ ಅವಕ್ಕೆ ಗೊತ್ತಾಗಬೇಕು. ಮಗಳು ಅತಿ ಹೆಚ್ಚು ಕಲಿತದ್ದು ಇಲ್ಲಿ. ಇನ್ನೊಬ್ಬರು ಟ್ರೀಟ್ ತಡವಾಗಿ ಕೊಡುವುದನ್ನು ನೋಡಿದಾಗ ತನ್ನ ಕೈಯ ಕೆಲಸ ಅವಳಿಗೆ ಅರ್ಥವಾಯಿತು. ಎಲ್ಲ ನಾಯಿಗೂ ಇದು ಹೊಂದುವುದಿಲ್ಲ. ಒಂದು ಶೆಫರ್ಡ್ ನಾಯಿ ಉಳಿದವನ್ನು ಕಂಡು ನಡುಗುತ್ತಿತ್ತು. ಅದನ್ನು ಗುಂಪಿನಿಂದ ಬಿಡಿಸಿ ಬೇರೆ ಪಾಠಕ್ಕೆ ಕಳಿಸಿದರು, ಸರಿಯಾದ ತೀರ್ಮಾನ. ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಇರುವ ಜಾಗಕ್ಕೆ ಬುಗುರಿಯನ್ನು ಕರೆದೊಯ್ದದ್ದು ಈ ಕ್ಲಾಸ್ ಆದ ಮೇಲೆಯೇ. ಏನೂ ಕಲಿಯದ ನಾಯಿಯನ್ನು ಭಾನುವಾರದ ಆ ಗದ್ದಲಕ್ಕೆ ನೇರ ಬಿಡಬೇಡಿ.

ನಿಮ್ಮದು ಪುಟ್ಟ ಮರಿ ಆಗಿದ್ದರೆ ನಾನು ಹೇಳುವುದು ಬೇರೆ. 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಏನನ್ನು ನೋಡುತ್ತದೋ, ಯಾರನ್ನು ಭೇಟಿ ಮಾಡುತ್ತದೋ ಅದು ಬದುಕಿಡೀ ಉಳಿಯುತ್ತದೆ. ನಮ್ಮಲ್ಲಿ ಪಾರ್ವೊ ಎಂಬ ವೈರಸ್ ಕಾಯಿಲೆಯ ಭಯಕ್ಕೆ ಲಸಿಕೆ ಎಲ್ಲ ಮುಗಿಯುವ ತನಕ ಮನೆಯೊಳಗೇ ಇಡುತ್ತಾರೆ. ಅಷ್ಟರಲ್ಲಿ ಆ ಕಾಲ ಮುಗಿದಿರುತ್ತದೆ. ಮೊದಲ ಲಸಿಕೆ ಆಗಿ ವಾರ ಕಳೆದ ಮೇಲೆ ಚೊಕ್ಕಟವಾದ, ಲಸಿಕೆ ನೋಡಿ ಸೇರಿಸುವ ಮರಿಗಳ ಕ್ಲಾಸಿಗೆ ಹೋಗಬಹುದು ಅಂತ ಅಮೆರಿಕದ ಪಶುವೈದ್ಯರ ಅದೇ ಸಂಘ 2008ರಲ್ಲೇ ಹೇಳಿದೆ. ನಿಮ್ಮ ಡಾಕ್ಟರನ್ನು ಕೇಳಿ ಹೋಗಿ. ಬೀದಿಯಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ಬಸ್ಸು, ಆಟೋ, ತರಕಾರಿ ಗಾಡಿ ತೋರಿಸಿ. ಮರಿಗಳಿಗೆ ಗುಂಪು ಕ್ಲಾಸೇ ಮೊದಲು.

ದೊಡ್ಡ ನಾಯಿ, ಒಂದಕ್ಕೇ ದುಡ್ಡು ಇದೆ ಅಂದರೆ ಮನೆಗೆ ಬರುವವರನ್ನೇ ಹುಡುಕಿ. ಇನ್ನೂ ದುಡ್ಡು ಉಳಿದರೆ ಆಮೇಲೆ ಗುಂಪಿಗೆ ಹೋಗಿ. ಬೋರ್ಡಿಂಗ್‌ಗೆ ನಾನು ಇನ್ನೊಮ್ಮೆ ಕಳಿಸುವುದಾದರೆ ಎರಡು ಷರತ್ತು: ಯಾವಾಗ ಬೇಕಾದರೂ ಹೋಗಿ ನೋಡಲು ಬಿಡಬೇಕು, ಮುಗಿದ ಮೇಲೆ ಅದೇ ಟ್ರೈನರ್ ನಮ್ಮ ಮನೆಗೆ ಬಂದು ನಮ್ಮ ಕೈಗೆ ಪಾಠ ದಾಟಿಸಬೇಕು. ಯೂಟ್ಯೂಬ್ ನೋಡಿ ಕಲಿಸುವುದು ತಪ್ಪೇನಲ್ಲ, ಶೇಕ್ ಹ್ಯಾಂಡ್ ನಾವು ಹಾಗೇ ಕಲಿಸಿದ್ದು. ಆದರೆ ನಿಮ್ಮ ಕೈ ತಡವಾಗುತ್ತಿದೆ ಅಂತ ವಿಡಿಯೊ ಹೇಳುವುದಿಲ್ಲ.

ಮೂರೂ ಸೇರಿ ಮಾಡಲಾಗದ್ದೂ ಇದೆ. ದೀಪಾವಳಿಯ ಪಟಾಕಿಗೆ ಬುಗುರಿ ಈಗಲೂ ಹೆದರುತ್ತಾಳೆ. ತಿಂಗಳುಗಳ ಮೊದಲೇ ಪಟಾಕಿ ಸದ್ದನ್ನು ಸಣ್ಣದಾಗಿ ಕೇಳಿಸಿ ಅಭ್ಯಾಸ ಮಾಡಿಸುತ್ತೇವೆ, ಆ ದಿನಗಳಿಗೆ ಡಾಕ್ಟರ್ ಕೊಟ್ಟ ಮಾತ್ರೆಯೂ ಬೇಕಾಗುತ್ತದೆ. ಹಾಗೇ, ಮೆತ್ತಗಿದ್ದ ನಾಯಿ ಇದ್ದಕ್ಕಿದ್ದ ಹಾಗೆ ಗುರ್ ಅನ್ನತೊಡಗಿದರೆ ಟ್ರೈನರ್‌ಗಿಂತ ಮೊದಲು ಪಶುವೈದ್ಯರ ಬಳಿ ಹೋಗಿ. ಕಿವಿ ಸೋಂಕು, ಹಲ್ಲು ನೋವು, ಕೀಲು ನೋವು ಇದ್ದಾಗಲೂ ನಾಯಿ ಹಾಗೆ ಮಾಡುತ್ತದೆ. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಆಸ್ಪತ್ರೆ ಇದೆ. ನಮ್ಮ ಮನೆಗೆ ಬಂದ ಟ್ರೈನರ್ ಮೊದಲ ಫೋನಿನಲ್ಲೇ ಕೇಳಿದ್ದು ಬುಗುರಿಯನ್ನು ಕೊನೆಯ ಸಲ ಡಾಕ್ಟರಿಗೆ ತೋರಿಸಿದ್ದು ಯಾವಾಗ ಅಂತ. ಬೋರ್ಡಿಂಗ್‌ನವರು ಕೇಳಿದ್ದು ಅಡ್ವಾನ್ಸ್ ಯಾವಾಗ ಕಳಿಸುತ್ತೀರಿ ಅಂತ.