ಬೋವೆಯಿಂದ ಬೆಳಗಿನ ವಿಮಾನ ಇದ್ದರೆ ಇದನ್ನು ಓದಿ ರೂಮ್ ಬುಕ್ ಮಾಡಿ

ಅಗ್ಗದ ಟಿಕೆಟ್‌ನಲ್ಲಿ ‘ಪ್ಯಾರಿಸ್ ಬೋವೆ’ ಅಂತ ಕಂಡರೆ ಮೊದಲು ಮ್ಯಾಪ್ ತೆಗೆದು ನೋಡಿ. ಅದು ಪ್ಯಾರಿಸ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರ. ವಿಮಾನ ನಿಲ್ದಾಣ ಇರುವುದು ಬೋವೆ ಊರಿಗೆ ತಾಗಿದ ತಿಯ್ಯೇ ಅನ್ನುವ ಹಳ್ಳಿಯ ಮಗ್ಗುಲಲ್ಲಿ. ಪ್ಯಾರಿಸ್‌ನಿಂದ ಬಸ್ಸಿಗೆ ಒಂದೂಕಾಲು ಗಂಟೆ ಬೇಕೇ ಬೇಕು. ಹಾಗಾಗಿ ಬೆಳಗಿನ ಆರರ ಸುಮಾರಿನ ವಿಮಾನ ಹಿಡಿಯುವವರು ಹಿಂದಿನ ರಾತ್ರಿಯೇ ಬಂದು ಅಲ್ಲೆಲ್ಲಾದರೂ ಉಳಿಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಊರಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಭಾನುವಾರ ರಾತ್ರಿ ನಿಲ್ದಾಣದ ಹತ್ತಿರದ ಒಂದು ಹೋಟೆಲ್‌ಗೆ ಹೋದೆ. ಹೆಸರು ಬೇಡ, ಆ ಥರದವು ಅಲ್ಲಿ ಹಲವಿವೆ. ರಿಸೆಪ್ಷನ್ ಮುಚ್ಚಿತ್ತು. ತಡವಾಗಿ ಬರುವವರಿಗೆ ಬಾಗಿಲಿನ ಕೋಡ್ ಮೆಸೇಜಿನಲ್ಲಿ ಕಳಿಸುತ್ತಾರೆ, ನಮಗೂ ಬಂದಿತ್ತು. ಒತ್ತಿದರೆ ಕೆಂಪು ದೀಪ. ಮತ್ತೆ ಒತ್ತಿದರೂ ಕೆಂಪು ದೀಪ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಫ್ರೆಂಚ್‌ನಲ್ಲಿ ರೆಕಾರ್ಡ್ ಮಾಡಿದ ದನಿ, ಬೆಳಿಗ್ಗೆ ಏಳಕ್ಕೆ ತೆರೆಯುತ್ತೇವೆ ಅಂತ. ನಮ್ಮ ವಿಮಾನ ಹಾರುವುದೇ ಅದಕ್ಕಿಂತ ಮೊದಲು! ಗಾಜಿನಾಚೆ ಕಾಫಿ ಮೆಷಿನ್ ಮಿನುಗುತ್ತಿತ್ತು. ‘ಪ್ಯಾರಿಸ್ ಅಂದ್ಯಲ್ಲೋ, ಇದು ಹೊಲ ಕಣೋ’ ಅಂದರು ಅಮ್ಮ.

ಬೇರೆ ದಾರಿಯೂ ಇರಲಿಲ್ಲ. ಟರ್ಮಿನಲ್‌ಗೆ ಹೋಗಿ ಕೂರೋಣ ಅಂದರೆ ರಾತ್ರಿ ಅದನ್ನೂ ಮುಚ್ಚುತ್ತಾರೆ, ಬೆಂಗಳೂರಿನ ನಿಲ್ದಾಣದ ಹಾಗೆ ಕುರ್ಚಿ ಮೇಲೆ ಬೆಳಗು ಮಾಡುವಂತಿಲ್ಲ. ತಿಯ್ಯೇಯಲ್ಲಿ ಇರುವವರು ಸಾವಿರ ಚಿಲ್ಲರೆ ಜನ. ಭಾನುವಾರ ರಾತ್ರಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಕೊನೆಗೆ ಯಾರೋ ಸಿಗರೇಟ್ ಸೇದಲು ಹೊರಬಂದವರು ಬಾಗಿಲು ಹಿಡಿದುಕೊಂಡು ಒಳಗೆ ಬಿಟ್ಟರು. ರೂಮಿನ ಬಾಗಿಲಿಗೂ ಅದೇ ಕೋಡ್, ಅದೂ ತೆರೆಯಲಿಲ್ಲ. ಲಾಬಿಯ ಸೋಫಾದಲ್ಲೇ ರಾತ್ರಿ ಕಳೆದೆವು.

ಸಿಟ್ಟು ಬಂದದ್ದು ಆಮೇಲೆ. ದುಡ್ಡು ವಾಪಸ್ ಕೇಳಿದರೆ ‘ನೀವು ಬರಲೇ ಇಲ್ಲ’ ಅಂದುಬಿಟ್ಟರು! ಕೋಡ್ ಬಳಕೆಯಾಗಿಲ್ಲ ಅಂದರೆ ಅತಿಥಿ ಬಂದಿಲ್ಲ ಅನ್ನುವುದು ಅವರ ಲೆಕ್ಕ. ನನ್ನ ಫೋನಿನ ಕಾಲ್ ಪಟ್ಟಿ, ಲಾಬಿಯಲ್ಲಿ ತೆಗೆದ ಫೋಟೋ ಕಳಿಸಿ ಜಗಳ ಆಡಿದ ಮೇಲೆ ಅರ್ಧ ಹಣ ಬಂತು. ಹೀಗಾದರೆ ನೀವೂ ಆ ಕೆಂಪು ದೀಪದ ವಿಡಿಯೋ ಮಾಡಿಟ್ಟುಕೊಳ್ಳಿ.

ಉಳಿಯಲೇಬೇಕಾದರೆ ತಿಯ್ಯೇ ಬೇಡ, ಬೋವೆ ಊರೊಳಗೆ ಉಳಿಯಿರಿ. ಪ್ಯಾರಿಸ್‌ನ ಗಾರ್ ದು ನೋರ್‌ನಿಂದ ರೈಲಿದೆ, ಊಟಕ್ಕೆ ಏನಾದರೂ ಸಿಗುತ್ತದೆ. ಹಗಲಲ್ಲೇ ತಲುಪಿದರೆ ಸೇಂಟ್ ಪಿಯೇರ್ ಕೆಥೆಡ್ರಲ್ ನೋಡಬಹುದು: ಒಳಗಿನ ಕಮಾನು 48 ಮೀಟರ್ ಎತ್ತರ. 1284ರಲ್ಲಿ ಅದರ ಒಂದಷ್ಟು ಭಾಗ ಕುಸಿಯಿತು, 1573ರಲ್ಲಿ ಗೋಪುರವೇ ಬಿತ್ತು, ಇವತ್ತಿಗೂ ಕಟ್ಟಡ ಪೂರ್ತಿಯಾಗಿಲ್ಲ. ರಿಸೆಪ್ಷನ್ ಎಷ್ಟು ಹೊತ್ತಿನವರೆಗೆ ಅಂತ ಬುಕ್ ಮಾಡುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಬೆಳಗಿನ ಟ್ಯಾಕ್ಸಿ ಹಿಂದಿನ ದಿನವೇ ಹೇಳಿಡಿ. ರಾತ್ರಿ ಮತ್ತು ಭಾನುವಾರ ದರ ಜಾಸ್ತಿ.

ಇನ್ನೊಂದು, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ. ಕೆಲವು ಅಗ್ಗದ ವಿಮಾನಗಳಲ್ಲಿ ಬೋರ್ಡಿಂಗ್ ಪಾಸ್ ಮೊಬೈಲ್‌ನಲ್ಲಿದ್ದರೂ ಸೆಕ್ಯೂರಿಟಿಗೆ ಮೊದಲು ಕೌಂಟರ್‌ನಲ್ಲಿ ವೀಸಾ ತೋರಿಸಬೇಕು, ಯೂರೋಪಿನೊಳಗಿನ ಪ್ರಯಾಣಕ್ಕೂ. ಅಮ್ಮನ ಸಲುವಾಗಿ ನಾವು ಆ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಮುಂದಿದ್ದ ಹುಡುಗ ಗೇಟಿನಿಂದ ವಾಪಸ್ ಓಡಿ ಬಂದವನು.