ರಾಜೀನಾಮೆ ಪತ್ರಕ್ಕೆ ಆ ಕೊಠಡಿಯಲ್ಲೇ ಸಹಿ ಹಾಕಬೇಡಿ: ಕ್ರೀಡಾ ಡೆಸ್ಕ್‌ನ ಗೆಳೆಯರಿಗೆ

ಪತ್ರಿಕೆಗಳ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡುತ್ತಿರುವವರೂ ಈಗಷ್ಟೇ ಸೇರಲು ಹೊರಟಿರುವ ಕಿರಿಯರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಒಂಬತ್ತು ವರ್ಷ ಕ್ರೀಡಾ ಪುಟದ ಉಪಸಂಪಾದಕನಾಗಿದ್ದ ನಾನು 2020ರ ಜೂನ್‌ನಲ್ಲಿ ಇಪ್ಪತ್ತೇ ನಿಮಿಷಗಳಲ್ಲಿ ಕೆಲಸ ಕಳೆದುಕೊಂಡೆ. ಆದರೆ ದಾಖಲೆಯ ಪ್ರಕಾರ ನನ್ನನ್ನು ಯಾರೂ ತೆಗೆದುಹಾಕಿಲ್ಲ; ‘ವೈಯಕ್ತಿಕ ಕಾರಣಗಳಿಂದ’ ನಾನೇ ಬಿಟ್ಟುಹೋಗಿದ್ದೇನೆ.

ಆ ವರ್ಷ ಮಾರ್ಚ್ 29ಕ್ಕೆ ಆರಂಭವಾಗಬೇಕಿದ್ದ ಐಪಿಎಲ್ ಮುಂದಕ್ಕೆ ಹೋಯಿತು. ಮಾರ್ಚ್ 24ರಂದು ಟೋಕಿಯೊ ಒಲಿಂಪಿಕ್ಸ್ ಕೂಡ ಮುಂದೂಡಲ್ಪಟ್ಟಿತು. ನಮ್ಮ ಎರಡು ಪುಟ ಅರ್ಧ ಪುಟಕ್ಕೆ ಇಳಿಯಿತು. ಮೊದಲು ಸಂಬಳ ಕಡಿತವಾಯಿತು. ಆಟವೇ ನಡೆಯದಿರುವಾಗ ಕ್ರೀಡಾ ಪುಟಕ್ಕೆ ಇಷ್ಟು ಜನ ಏಕೆ ಎಂಬ ಪ್ರಶ್ನೆ ಬಂದಾಗ, ಅದರಲ್ಲಿ ನ್ಯಾಯವಿದೆ ಎಂದೇ ನಮಗೂ ಅನ್ನಿಸಿತ್ತು. ಆ ಅನ್ನಿಸಿಕೆಯೇ ನಮ್ಮನ್ನು ದುರ್ಬಲರನ್ನಾಗಿ ಮಾಡಿತು ಎಂದು ಈಗ ತಿಳಿಯುತ್ತದೆ.

ಮಾನವ ಸಂಪನ್ಮೂಲ ವಿಭಾಗದ ಕೊಠಡಿಯಲ್ಲಿ ಮೇಜಿನ ಮೇಲೆ ಎರಡು ಹಾಳೆಗಳು ಸಿದ್ಧವಾಗಿದ್ದವು: ನನ್ನ ಹೆಸರಿನಲ್ಲಿ ಟೈಪ್ ಮಾಡಿದ ರಾಜೀನಾಮೆ ಪತ್ರ, ಮತ್ತು ಸಂಸ್ಥೆಯಿಂದ ಇನ್ನೇನೂ ಬಾಕಿಯಿಲ್ಲ ಎಂಬ ಒಪ್ಪಿಗೆ ಪತ್ರ. ಇಂದೇ ಸಹಿ ಹಾಕಿದರೆ ಎರಡು ತಿಂಗಳ ಸಂಬಳ, ಇಲ್ಲವಾದರೆ ಅನುಭವ ಪತ್ರವೂ ಸಿಗದು ಎಂದರು. ಮನೆ ಬಾಡಿಗೆ, ಮಗಳ ಶಾಲೆಯ ಶುಲ್ಕ ಕಣ್ಣ ಮುಂದೆ ಬಂದವು. ಯಾರಿಗೂ ಫೋನ್ ಮಾಡದೆ ಸಹಿ ಹಾಕಿದೆ.

ಆಗ ಜಾರಿಯಲ್ಲಿದ್ದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯನ್ನು ನಾನು ಓದಿದ್ದು ಇದಾದ ಮೂರು ವಾರಗಳ ಮೇಲೆ. ಪತ್ರಕರ್ತನನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಸಂಪಾದಕನಿಗೆ ಆರು ತಿಂಗಳ, ಉಳಿದವರಿಗೆ ಮೂರು ತಿಂಗಳ ನೋಟಿಸ್ ಕೊಡಬೇಕೆಂದು ಅದರಲ್ಲಿತ್ತು. ಕೈಗಾರಿಕಾ ವಿವಾದ ಕಾಯ್ದೆಯಂತೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ ಪರಿಹಾರವಾಗಿ ಸಲ್ಲಬೇಕಿತ್ತು. ಒಂಬತ್ತು ವರ್ಷಕ್ಕೆ ನಾಲ್ಕೂವರೆ ತಿಂಗಳು, ನೋಟಿಸಿನ ಮೂರು ತಿಂಗಳು. ಒಟ್ಟು ಏಳೂವರೆ ತಿಂಗಳ ಸಂಬಳವನ್ನು ನಾನು ಎರಡು ತಿಂಗಳಿಗೆ ಬಿಟ್ಟುಕೊಟ್ಟಿದ್ದೆ. ಇದರಲ್ಲಿ ಗ್ರಾಚ್ಯುಟಿಯನ್ನು ಸೇರಿಸಿಲ್ಲ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಾಗ ಅಲ್ಲಿನ ಅಧಿಕಾರಿ ಸೌಜನ್ಯದಿಂದಲೇ ಕೇಳಿದರು: “ರಾಜೀನಾಮೆ ಕೊಟ್ಟವರು ನೀವೇ ಅಲ್ಲವೇ, ಸರ್?” ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಎಂದು ಸಾಧಿಸಲು ನನ್ನ ಬಳಿ ಒಂದು ಇ-ಮೇಲ್ ಕೂಡ ಇರಲಿಲ್ಲ.

ರಾತ್ರಿಪಾಳಿಯ ವಿಷಯದಲ್ಲೂ ಇದೇ ಆಯಿತು. 2019ರ ಜುಲೈ 14 ಯಾವ ಕ್ರೀಡಾ ಡೆಸ್ಕ್ ಕೂಡ ಮರೆಯುವ ದಿನವಲ್ಲ. ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಸೂಪರ್ ಓವರ್‌ಗೆ ಹೋಗಿ, ಅದೂ ಸಮವಾಗಿ, ಬೌಂಡರಿಗಳ ಲೆಕ್ಕದಲ್ಲಿ ಇಂಗ್ಲೆಂಡ್ ಗೆದ್ದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ವಿಂಬಲ್ಡನ್‌ನಲ್ಲಿ ಜೊಕೊವಿಚ್ ನಾಲ್ಕು ಗಂಟೆ 57 ನಿಮಿಷಗಳ ಹೋರಾಟದಲ್ಲಿ ಫೆಡರರ್ ಅವರನ್ನು ಐದನೇ ಸೆಟ್‌ನಲ್ಲಿ 13–12ರಿಂದ ಮಣಿಸಿದರು. ದೂರದ ಜಿಲ್ಲೆಗಳ ಆವೃತ್ತಿ ಅಷ್ಟರಲ್ಲಿ ಮುದ್ರಣಕ್ಕೆ ಹೋಗಿತ್ತು. ನಗರ ಆವೃತ್ತಿಗಾಗಿ ಪುಟವನ್ನು ಮೂರು ಸಲ ಕಟ್ಟಿದೆವು. ಸಂಜೆ ನಾಲ್ಕಕ್ಕೆ ಕುಳಿತವನು ಎದ್ದಾಗ ನಡುರಾತ್ರಿ ಎರಡೂವರೆ. ಆ ಪುಟದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಆದರೆ ರಾತ್ರಿಪಾಳಿ ಐದೂವರೆ ಗಂಟೆ ಮೀರಬಾರದೆಂಬ ನಿಯಮ ಆಗ ಇತ್ತು, ಮತ್ತು ನಮ್ಮ ಹಾಜರಿ ಪುಸ್ತಕದಲ್ಲಿ ಬಂದ ಸಮಯಕ್ಕೆ ಮಾತ್ರ ಕಾಲಂ ಇತ್ತು, ಹೊರಟ ಸಮಯಕ್ಕೆ ಇರಲಿಲ್ಲ. ಅಂಥ ರಾತ್ರಿಗಳಲ್ಲಿ ಒಂದಕ್ಕೂ ನನ್ನಲ್ಲಿ ಲೆಕ್ಕವಿಲ್ಲ.

ನಾನು ಕೆಲಸ ಕಳೆದುಕೊಂಡ 2020ರಲ್ಲೇ, ಸೆಪ್ಟೆಂಬರ್ 19ರಂದು ಐಪಿಎಲ್ ಅಬುಧಾಬಿಯಲ್ಲಿ ಶುರುವಾಯಿತು. ಮರುದಿನ ಕ್ರೀಡಾ ಪುಟ ಮತ್ತೆ ತುಂಬಿಕೊಂಡು ಬಂದಿತ್ತು. ಸುದ್ದಿಸಂಸ್ಥೆಯ ವರದಿಗಳನ್ನು ಅನುವಾದಿಸಲು ದಿನಗೂಲಿಯ ಲೆಕ್ಕದಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದಾರೆಂದು ಆಮೇಲೆ ಗೊತ್ತಾಯಿತು. ಕೆಲಸ ಉಳಿದಿತ್ತು. ಹೋದದ್ದು ನಮ್ಮ ಸಂಬಳ.

ಸೇರುವಾಗಲೇ ನೋಡಬೇಕಾದ ಒಂದು ಸಂಗತಿಯಿದೆ. ನಿಮ್ಮ ನೇಮಕಾತಿ ಪತ್ರ ಪತ್ರಿಕೆಯ ಹೆಸರಿನಲ್ಲಿದೆಯೇ, ಅಥವಾ ಅದರ ಅಂಗಸಂಸ್ಥೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯೇ? ನನ್ನದು ಎರಡನೆಯದಾಗಿತ್ತು, ಹಾಗಾಗಿ ಪತ್ರಿಕಾ ನೌಕರರ ಸಂಬಳ ನಿಗದಿಗೆ ಕೇಂದ್ರ ಸರ್ಕಾರ ನೇಮಿಸಿದ್ದ ಮಜೀಠಿಯಾ ವೇತನ ಮಂಡಳಿಯ ಶಿಫಾರಸು ನನಗೆ ಅನ್ವಯಿಸುವುದಿಲ್ಲ ಎಂದು ಹೇಳುತ್ತಲೇ ಬಂದರು. ಆದರೆ ಮಂಡಳಿಯ ಶಿಫಾರಸು ಗುತ್ತಿಗೆ ನೌಕರರಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2017ರ ಜೂನ್ 19ರಂದೇ ಸ್ಪಷ್ಟಪಡಿಸಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿರುವುದರಿಂದ, ನಾನು ಹೇಳಿದ ಹಳೆಯ ಕಲಮುಗಳನ್ನೇ ನೆಚ್ಚಿಕೊಳ್ಳದೆ ಪತ್ರಕರ್ತರ ಸಂಘದವರನ್ನೋ ಕಾರ್ಮಿಕ ವಕೀಲರನ್ನೋ ಕೇಳಿ, ಕೆಲಸದಲ್ಲಿರುವಾಗಲೇ ಕೇಳಿ. ಪಾಳಿಯ ಪಟ್ಟಿ, ಸಂಬಳದ ಚೀಟಿ, ಪುಟ ಮುಗಿದ ಸಮಯ ತೋರಿಸುವ ಸಂದೇಶ, ಇವೆಲ್ಲದರ ಪ್ರತಿ ನಿಮ್ಮ ಮನೆಯಲ್ಲಿರಲಿ. ಕಚೇರಿಯ ಇ-ಮೇಲ್ ಖಾತೆ ನನ್ನ ಸಹಿಯಾದ ಅರ್ಧ ಗಂಟೆಯಲ್ಲಿ ಮುಚ್ಚಿಹೋಗಿತ್ತು.

ಅದೇ ದಿನ ನನ್ನ ನಂತರ ಆ ಕೊಠಡಿಗೆ ಹೋದ ಹಿರಿಯ ಸಹೋದ್ಯೋಗಿಯೊಬ್ಬರು ಪೆನ್ನು ಮುಟ್ಟಲಿಲ್ಲ. ಪತ್ರದ ಪ್ರತಿ ಕೊಡಿ, ಓದಿ ಲಿಖಿತವಾಗಿ ಉತ್ತರಿಸುತ್ತೇನೆ ಎಂದಷ್ಟೇ ಹೇಳಿ ಎದ್ದುಬಂದರು, ಸಂಜೆ ಅದನ್ನೇ ಇ-ಮೇಲ್‌ನಲ್ಲೂ ಬರೆದರು. ಅವರ ಕೆಲಸವೂ ಉಳಿಯಲಿಲ್ಲ. ಆದರೆ ಅವರ ಕೈಗೆ ಬಂದದ್ದು ಸಂಸ್ಥೆಯ ಸಹಿಯಿದ್ದ ವಜಾ ಆದೇಶ, ಮತ್ತು ಅದರ ಜೊತೆಗೆ ಮೂರು ತಿಂಗಳ ನೋಟಿಸ್ ವೇತನದ ಚೆಕ್.