ಕಿಡ್ನಿ ಕಸಿ ಆದವರೇ, ಸ್ಟೆಮ್ ಸೆಲ್ ಡ್ರಿಪ್ ನಂಬಿ ಟ್ಯಾಕ್ರೊಲಿಮಸ್ ಬಿಡಬೇಡಿ

ಅಣ್ಣ ಕೊಟ್ಟ ಕಿಡ್ನಿ, ಕಸಿಯಾಗಿ ಎರಡು ವರ್ಷ, ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ) 1.2. ಎಲ್ಲ ಸರಿಯಿದ್ದ ಈ ರೋಗಿಗೆ ಖಾಸಗಿ ಕ್ಲಿನಿಕ್ಕೊಂದು ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್ ಡ್ರಿಪ್ ಮೂರು ಸಲ ಏರಿಸಿ, ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆಯ ಬಗ್ಗೆ ‘ಟ್ಯಾಕ್ರೊಲಿಮಸ್ ಇನ್ನು ಅರ್ಧ ಸಾಕು, ಆಮೇಲೆ ಅದೂ ಬೇಡ’ ಅಂದಿತು. ನೋವಿಲ್ಲ, ಜ್ವರವಿಲ್ಲ, ಮೂತ್ರ ಎಂದಿನಂತೆ. ನಾಲ್ಕನೇ ತಿಂಗಳಿಗೆ ಕ್ರಿಯಾಟಿನಿನ್ 3.6, ಬಯಾಪ್ಸಿಯಲ್ಲಿ ಆಂಟಿಬಾಡಿ ರಿಜೆಕ್ಷನ್, ಅಂದರೆ ದೇಹ ಹುಟ್ಟಿಸಿದ ಆಂಟಿಬಾಡಿಗಳೇ ಕಸಿ ಕಿಡ್ನಿಯ ಮೇಲೆ ದಾಳಿ ಮಾಡುವುದು. ಸ್ಟೀರಾಯ್ಡ್‌ಗೆ ಸುಲಭವಾಗಿ ಬಗ್ಗುವ ಜಾತಿಯಲ್ಲ ಅದು.

ಮಾತ್ರೆ ಬಿಡಿಸುವುದು ಶುದ್ಧ ಸುಳ್ಳಾಗಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಿಜವಾಗಿಯೂ ಬಿಡಿಸಿದ್ದಾರೆ, 2008ರಲ್ಲೇ ವರದಿಯಾಗಿದೆ. ಆದರೆ ಹೇಗೆ ನೋಡಿ: ಕಿಡ್ನಿ ಕೊಟ್ಟ ದಾನಿಯದೇ ರಕ್ತದಿಂದ ತೆಗೆದ ಸಿಡಿ34 ಸೆಲ್‌ಗಳು (ರಕ್ತ ಹುಟ್ಟಿಸುವ ಸ್ಟೆಮ್ ಸೆಲ್). ಅವನ್ನು ಏರಿಸುವ ಮೊದಲು ದುಗ್ಧಗ್ರಂಥಿ, ಗುಲ್ಮಗಳಿಗೆ 10 ಬಾರಿ ವಿಕಿರಣ, ಜೊತೆಗೆ ರೋಗನಿರೋಧಕ ಸೆಲ್‌ಗಳನ್ನು ಕುಗ್ಗಿಸುವ ಎಟಿಜಿ ಔಷಧ 5 ಡೋಸ್. ಆಮೇಲೆ ರಕ್ತದಲ್ಲಿ ದಾನಿಯ ಸೆಲ್ ಶೇಕಡಾ ಎಷ್ಟು ಉಳಿದಿದೆ ಎಂದು ಮತ್ತೆ ಮತ್ತೆ ಅಳೆದು, ಕನಿಷ್ಠ ಆರು ತಿಂಗಳು ನಿಂತರೆ ಮಾತ್ರ ಮಾತ್ರೆ ಪೂರ್ತಿ ನಿಲ್ಲಿಸುವ ಮಾತು. ಅದೇ ವರ್ಷ ಬಾಸ್ಟನ್ನಿನಿಂದ ವರದಿಯಾದ ಇಂಥದೇ ಪ್ರಯತ್ನದ ಐವರಲ್ಲಿ ಒಬ್ಬರ ಕಿಡ್ನಿ ಇಷ್ಟೆಲ್ಲ ಎಚ್ಚರದ ನಡುವೆಯೂ ಹೋಯಿತು.

ಡ್ರಿಪ್ ಬಾಟಲಿಯಲ್ಲಿದ್ದದ್ದು ಯಾರೋ ಅಪರಿಚಿತ ಮಗುವಿನ ಬಳ್ಳಿಯ ಸೆಲ್. ಅಣ್ಣನ ಕಿಡ್ನಿಗೂ ಅದಕ್ಕೂ ಏನು ಸಂಬಂಧ? ರಕ್ತನಾಳಕ್ಕೆ ಬಿಟ್ಟರೆ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅಷ್ಟಕ್ಕೇ ಮುಗಿದರೆ ದುಡ್ಡು ಹೋಯಿತು ಅನ್ನಬಹುದು. ಆದರೆ ಪರಕೀಯ ಎಚ್‌ಎಲ್‌ಎ (ಸೆಲ್ ತನ್ನದೋ ಬೇರೆಯವರದೋ ಎಂದು ದೇಹ ಗುರುತಿಸುವ ಗುರುತು) ಕಂಡ ದೇಹ ಹೊಸ ಆಂಟಿಬಾಡಿ ಹುಟ್ಟಿಸಬಹುದು. ನಾಳೆ ಎರಡನೇ ಕಸಿ ಬೇಕಾದರೆ ಕ್ರಾಸ್‌ಮ್ಯಾಚ್ (ದಾನಿಯ ಸೆಲ್‌ಗೆ ನಿಮ್ಮ ರಕ್ತ ತಿರುಗಿಬೀಳುತ್ತದೆಯೇ ಎಂಬ ಪರೀಕ್ಷೆ) ಹೊಂದುವ ದಾನಿ ಸಿಗುವುದೇ ಕಷ್ಟ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಇಂಥ ಬಳಕೆ ಅನುಮೋದಿತ ಪ್ರಯೋಗದೊಳಗೆ ಮಾತ್ರ. ಯಾರಾದರೂ ಕರೆದರೆ ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಸಂಖ್ಯೆ ಇದ್ದಮಾತ್ರಕ್ಕೆ ಸರ್ಕಾರ ಒಪ್ಪಿದೆ ಎಂದಲ್ಲ. ಪ್ರಯೋಗ ಎನ್ನುತ್ತಲೇ ಲಕ್ಷಗಟ್ಟಲೆ ಬಿಲ್ ಚಾಚಿದರೆ ಎದ್ದು ಬನ್ನಿ.

ಈಗಾಗಲೇ ಏರಿಸಿಕೊಂಡಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ನೆಫ್ರಾಲಜಿಸ್ಟ್‌ಗೆ ಇವತ್ತೇ ಹೇಳಿ. ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಡಿಎಸ್‌ಎ (ದಾನಿಯ ಕಿಡ್ನಿಯ ವಿರುದ್ಧದ ಆಂಟಿಬಾಡಿ), ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ, ಈ ನಾಲ್ಕೂ ಆಗಬೇಕು. ಟ್ಯಾಕ್ರೊಲಿಮಸ್‌ಗೆ ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮುಂಚೆ, ದಿನಕ್ಕೆರಡು ಸಲ ತೆಗೆದುಕೊಳ್ಳುವವರಾದರೆ ರಾತ್ರಿಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ. ನುಂಗಿ ಹೋದರೆ ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ.